ಜಪಾನಿನ ಪುಟ್ಟತಾಯಿ, ನನ್ನ ತಲೆಸುತ್ತು

ಕಾಲು ಮುರಿದರೆ ಪಟ್ಟಿ ಕಟ್ಟುತ್ತಾರೆ, ನೋಡಿದವರು ಅಯ್ಯೋ ಅನ್ನುತ್ತಾರೆ. ಜ್ವರ ಬಂದರೆ ಹಣೆ ಮುಟ್ಟಿ ನೋಡಿ ಗಂಜಿ ಕಾಯಿಸಿ ಕೊಡುತ್ತಾರೆ. ತಲೆಸುತ್ತಿಗೆ ಮಾತ್ರ ಇಂಥ ಯಾವ ಮರ್ಯಾದೆಯೂ ಇಲ್ಲ. ನೋಡುವವರ ಕಣ್ಣಿಗೆ ನಾವು ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿ ಕೂತಿರುವ ಸೋಮಾರಿಗಳು. ಹಾಗೆ ಗೋಡೆಗೆ ಒರಗಿ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆ ತಿರುಗಿದ್ದನ್ನು ನಾನು ನಂಬುತ್ತೇನೆ. ನಮ್ಮ ಮನೆಯೂ ತಿರುಗಿತ್ತು.

ನನ್ನ ಹೆಸರು ಸವಿತಾ. ಮನೆ ಮದ್ದೂರಿನಲ್ಲಿ, ಕೆಲಸ ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ. ವಯಸ್ಸು ನಲವತ್ತು ದಾಟಿದೆ, ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ. ಚಿನ್ನ, ಸೀರೆ, ಧಾರಾವಾಹಿ ಯಾವುದರ ಹುಚ್ಚೂ ನನಗಿಲ್ಲ. ಇರುವುದು ಒಂದೇ ಚಟ, ಭಾನುವಾರ ಬೆಳಿಗ್ಗೆ ಮಂಡ್ಯಕ್ಕೆ ಹೋಗಿ ಷಟಲ್ ಆಡುವುದು.

ನನ್ನ ಡಬಲ್ಸ್ ಜೊತೆಗಾತಿ ನಾಗರತ್ನ. ಕೆರಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನೌಕರರ ಕ್ರೀಡಾಕೂಟದಲ್ಲಿ ಮಹಿಳೆಯರ ಡಬಲ್ಸ್ ಕಪ್ಪು ವರ್ಷಗಟ್ಟಲೆ ನಮ್ಮಿಬ್ಬರ ಮನೆಗಳ ನಡುವೆಯೇ ಓಡಾಡಿಕೊಂಡಿತ್ತು. ಸ್ಪರ್ಧೆಗೆ ಬರುವುದೇ ಮೂರು ಜೋಡಿ ಎಂಬುದನ್ನು ನನ್ನ ಗಂಡ ಬಂದವರಿಗೆಲ್ಲ ಮರೆಯದೆ ತಿಳಿಸುತ್ತಾರೆ.

ನಾವಿಬ್ಬರೂ ಆಡುವಾಗ ಜಗಳ ಆಡುತ್ತೇವೆ. ಇದನ್ನು ಮುಚ್ಚಿಟ್ಟು ಉಪಯೋಗವಿಲ್ಲ, ಇಡೀ ಕ್ರೀಡಾಂಗಣಕ್ಕೇ ಕೇಳಿಸುತ್ತದೆ. ಇಬ್ಬರ ಮಧ್ಯೆ ಬೀಳುವ ಷಟಲ್ ಯಾರದು ಅನ್ನುವುದೇ ಜಗಳದ ಮೂಲ. ಷಟಲ್ ನೆಲಕ್ಕೆ ಬಿದ್ದ ಕೂಡಲೇ ಇಬ್ಬರೂ ಅದು ಬಿದ್ದ ಜಾಗ ನೋಡುತ್ತೇವೆ, ಪಾಲಾದ ಜಮೀನಿಗೆ ಗಡಿಕಲ್ಲು ನೆಡುವವರ ಹಾಗೆ. "ನಿಂದು ಕಣೇ ಅದು!" "ನನ್ದಾ? ನೀನು ಕಾಲು ಚಾಚಿದ್ರೆ ಸಿಕ್ತಿತ್ತು!" ಎದುರಾಳಿಗಳು ಅಷ್ಟು ಹೊತ್ತು ನೀರು ಕುಡಿದು ಬರುತ್ತಾರೆ.

ಆ ವರ್ಷದ ಫೈನಲ್ ದಿನವೂ ಬೆಳಗಿನಿಂದ ಅದೇ ಜಗಳ ನಡೆದಿತ್ತು. ಎದುರಿಗೆ ಖಜಾನೆ ಇಲಾಖೆಯ ಕುಸುಮಾ ಮತ್ತು ಅವಳ ಜೋಡಿ. ಕುಸುಮಾ ಎಡಗೈಯವಳು, ವಯಸ್ಸಿನಲ್ಲಿ ನಮಗಿಂತ ಚಿಕ್ಕವಳು, ಮೇಲಾಗಿ ನಗುತ್ತ ಆಡುವ ಕೆಟ್ಟ ಅಭ್ಯಾಸ ಇರುವವಳು. ನಾವು ಸೋಲುವ ಹಂತಕ್ಕೆ ಬಂದಾಗ ಅವಳು ಒಂದು ಷಟಲನ್ನು ಎತ್ತರಕ್ಕೆ ಹೊಡೆದಳು. ನಾನು ಕತ್ತೆತ್ತಿ ನೋಡಿದೆ. ಷಟಲ್ ಇಳಿಯಲಿಲ್ಲ, ಸೂರು ಇಳಿಯಿತು. ಆಮೇಲೆ ಗೋಡೆ, ನೆಟ್ಟು, ಕುಸುಮಾಳ ನಗು ಎಲ್ಲ ರಾಟೆಯ ಹಾಗೆ ತಿರುಗಿ, ನಾನು ಅಂಗಾತ ಬಿದ್ದಿದ್ದೆ. ಷಟಲ್ ನನ್ನ ಹೊಟ್ಟೆಯ ಮೇಲೆ ಬಂದು ಕೂತಿತು.

ಎಲ್ಲರೂ ಓಡಿ ಬಂದರು. ನೀರು ಚಿಮುಕಿಸಿದರು. ನಾಗರತ್ನ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ್ದು ಇಷ್ಟು: "ಸೋಲ್ತಿರೋ ಟೈಮಲ್ಲೇ ತಲೆ ಸುತ್ತಬೇಕಿತ್ತೇನೇ ನಿಂಗೆ?"

ತಲೆ ಸುತ್ತುವುದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು.

ನನ್ನನ್ನು ಮನೆಗೆ ತಂದು ಮಲಗಿಸಿದರು. ಬಲಕ್ಕೆ ಹೊರಳಿದರೆ ಮನೆ ತಿರುಗುತ್ತಿತ್ತು, ಎಡಕ್ಕೆ ಹೊರಳಿದರೆ ಹೊಟ್ಟೆ ತೊಳೆಸುತ್ತಿತ್ತು. ಕಣ್ಣು ಮುಚ್ಚಿ ಮಂಚದ ಅಂಚು ಹಿಡಿದುಕೊಂಡಿದ್ದೆ. ನಮ್ಮ ಅತ್ತೆ ಕೆಂಪಮ್ಮನವರು ದೇವರ ಗೂಡಿನ ಮುಂದೆ ನಿಂತು, ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟುತ್ತಾ, ಕಾವೇರಿ ದಡದ ಮುತ್ತತ್ತಿಯ ದೇವರಿಗೆ ಊರಿಗೆಲ್ಲ ಕೇಳುವ ಹಾಗೆ ಹರಕೆ ಹೊತ್ತರು.

"ಅಪ್ಪಾ ಮುತ್ತತ್ತಿರಾಯ, ನನ್ ಸೊಸೆ ತಲೆಸುತ್ತು ನಿಲ್ಸುಬುಡು. ಅವಳು ನೆಟ್ಗಾದ್ರೆ ನಿನ್ ಗುಡಿ ಸುತ್ತ ಮೂರು ಸುತ್ತು ಉಳ್ಳುಸೇವೆ ಮಾಡುಸ್ತೀನಿ."

ನನ್ನ ಗಂಡ ಶಿವರಾಜು ಅಡುಗೆ ಮನೆಯಿಂದ ಓಡಿ ಬಂದರು. "ಅವ್ವೋ! ತಲೆ ಸುತ್ತೋಳ್ನ ಉಳ್ಳಾಡುಸ್ತೀಯಾ? ಬೇರೆ ಏನೂ ಒಳೀಲಿಲ್ವಾ ನಿಂಗೆ? ಮುಡಿ ಕೊಡುಸ್ತೀನಿ ಅಂದಿದ್ರೆ ಆಗ್ತಿತ್ತಲ್ಲ."

ನಾನು ಒಂದು ಕಣ್ಣು ತೆರೆದು, "ಮುಡಿ ಬೇಡ. ಉರುಳೇ ಇರಲಿ," ಅಂದೆ.

ಹೆಂಗಸಿಗೆ ತಲೆ ಸುತ್ತಿ ವಾಂತಿಯಾಯಿತು ಅಂದರೆ ನಮ್ಮ ಸೀಮೆಯಲ್ಲಿ ಜನ ಡಾಕ್ಟರಿಗೆ ಮುಂಚೆ ಪಂಚಾಂಗ ನೋಡುತ್ತಾರೆ. ವಿಷಯ ನನಗಿಂತ ಮೊದಲೇ ಮಳವಳ್ಳಿ ತಲುಪಿತ್ತು. ರಜೆ ಹೇಳಲು ಫೋನ್ ಮಾಡಿದರೆ ಆಚೆ ಕಡೆ ಒಂಥರ ಮೆತ್ತನೆಯ ದನಿ, "ನೀವು ಆರಾಮಾಗಿರಿ ಮೇಡಂ, ಭಾರ ಎತ್ತಬೇಡಿ." ಪಕ್ಕದ ಮನೆಯವರು ಮಾವಿನಕಾಯಿ ಕಳಿಸಿದರು, ಉಪ್ಪು ಖಾರ ಸಮೇತ. ಅತ್ತೆ ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಆದರೆ ಅಟ್ಟದ ಮೇಲಿನ ಹಳೆಯ ತೊಟ್ಟಿಲ ಧೂಳು ಒರೆಸುತ್ತಿದ್ದದ್ದನ್ನು ನಾನೇ ನೋಡಿದೆ. ಶಿವರಾಜು ಮೂಲೆಯಲ್ಲಿ ಕೂತು ಬೆವರುತ್ತಿದ್ದರು. ಮಗಳ ಹಾಸ್ಟೆಲ್ ಫೀಸು ಕಟ್ಟಿ ಇನ್ನೂ ಉಸಿರು ಬಿಟ್ಟಿರಲಿಲ್ಲ ಪಾಪ. ಅದಲ್ಲ ಎಂದು ಗೊತ್ತಾದ ದಿನ ಅವರು ಎಳನೀರು ತಂದರು. ತೊಟ್ಟಿಲು ಮತ್ತೆ ಗೋಣಿಚೀಲದೊಳಗೆ ಹೋಯಿತು. ಮಾವಿನಕಾಯಿ ಮಾತ್ರ ನಾನು ತಿಂದೆ.

ಮಂಡ್ಯದ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ನಾನು ಗೋಡೆ ಹಿಡಿದು ನಡೆಯುವುದನ್ನು ಕಲಿತಿದ್ದೆ. ಕಾಯುವ ಕೋಣೆ ತುಂಬಿ ತುಳುಕುತ್ತಿತ್ತು. ಪಕ್ಕದಲ್ಲಿ ನಿಡಘಟ್ಟದ ಯಜಮಾನರೊಬ್ಬರು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು.

"ಏನಾಗದೆ ಕಣವ್ವ?" ಅಂದರು.

"ತಲೆ ಸುತ್ತು ಯಜಮಾನ್ರೆ."

"ಪಿತ್ತ!" ಎಂದು ಅವರು ತೀರ್ಪು ಕೊಟ್ಟರು. ಎದುರಿನ ಹೆಂಗಸು ದೃಷ್ಟಿ ಅಂದಳು. ಅವಳ ಮಗ ಬಿಪಿ ಅಂದ. ಅತ್ತೆ ಎಲ್ಲರಿಗೂ ತಲೆಯಾಡಿಸುತ್ತಾ, ಮುತ್ತತ್ತಿಗೆ ಹರಕೆ ಹೊತ್ತಿರುವ ವಿಷಯ ತಿಳಿಸಿದರು. ಇಡೀ ಕೋಣೆ ಒಪ್ಪಿಗೆಯಿಂದ ತಲೆದೂಗಿತು. ಅಷ್ಟರಲ್ಲಿ ನರ್ಸಮ್ಮ ಬಾಗಿಲಿಗೆ ಬಂದು, "ತಲೆ ಸುತ್ತೋರು ಯಾರ್ಯಾರು, ಕೈಯೆತ್ರಿ," ಅಂದಳು. ನಾನು ಸಂಕೋಚದಿಂದ ಕೈಯೆತ್ತಿದೆ. ಆ ಮೂಲೆಯಿಂದ ಒಂದು ಕೈ ಎದ್ದಿತು, ಈ ಬೆಂಚಿನಿಂದ ಇನ್ನೊಂದು, ಕಂಬದ ಹಿಂದಿನಿಂದ ಬಳೆ ತೊಟ್ಟ ಮತ್ತೊಂದು. ಎಲ್ಲ ಗೋಡೆ ಪಕ್ಕದಲ್ಲೇ ಕೂತಿದ್ದವರು. ಒಬ್ಬರನ್ನೊಬ್ಬರು ನೋಡಿ ನಕ್ಕೆವು, ತಲೆ ಅಲ್ಲಾಡಿಸದ ಹಾಗೆ ಹುಷಾರಾಗಿ. ಬಿದ್ದ ದಿನದಿಂದ ಮೊದಲ ಸಲ ನನಗೆ ಜೀವ ಹಗುರವಾಯಿತು.

ಡಾಕ್ಟರು ಸಮಾಧಾನದ ಮನುಷ್ಯ. ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕಣ್ಣನ್ನು ದಿಟ್ಟಿಸಿ ನೋಡಿ, "ಗಾಬರಿ ಬೇಡಮ್ಮ. ಕಿವಿಯೊಳಗೆ ಸಣ್ಣ ಸಣ್ಣ ಹರಳು ಇರ್ತವೆ. ಒಂದೆರಡು ಜಾಗ ಬಿಟ್ಟು ಹೋಗಿವೆ," ಅಂದರು.

ಅತ್ತೆ ತಟ್ಟನೆ ನನ್ನ ಕಿವಿ ಹಿಡಿದು ಓಲೆಗಳನ್ನು ಪರೀಕ್ಷಿಸಿದರು. "ಯಾವ್ದೂ ಬಿದ್ದಿಲ್ವಲ್ಲ ಡಾಕ್ಟ್ರೆ, ಏಳೂ ಹರಳು ಅವೆ."

"ಆ ಹರಳಲ್ಲಮ್ಮ, ಒಳಗಿಂದು. ಮಾತ್ರೆಗಿಂತ ಒಂದು ಸುಲಭದ ದಾರಿ ಇದೆ. ಇವರನ್ನ ಮಂಚದ ಮೇಲೆ ನಿಧಾನಕ್ಕೆ ಉರುಳಿಸ್ತೀನಿ. ಹರಳು ಅದರ ಜಾಗಕ್ಕೆ ಹೋಗುತ್ತೆ."

ಅತ್ತೆ ಸೆರಗು ಸರಿಮಾಡಿಕೊಂಡು, ಮಗನ ಕಡೆಗೆ ತಿರುಗಿದರು. ಆ ನೋಟವನ್ನು ನಾನು ಬರೆಯಲಾರೆ. ಹೈಕೋರ್ಟಿನಲ್ಲಿ ಕೇಸು ಗೆದ್ದವರಿಗೆ ಮಾತ್ರ ಬರುವ ನೋಟ ಅದು.

"ಏನ್ಲಾ ಅಂದೆ ನೀನು? ತಲೆ ಸುತ್ತೋಳ್ನ ಉಳ್ಳಾಡುಸ್ತೀಯಾ ಅಂದೆ ಅಲ್ವೇನ್ಲಾ? ಈಗ ದೊಡ್ಡ್ ಓದು ಓದಿರೋರೇ ಉಳ್ಳಾಡುಸ್ತಾವ್ರೆ, ನೋಡು. ಸೀತಮ್ಮನ ಮುತ್ತು ಒಳೇಲಿ ಬಿದ್ದಾಗ ಬಾಲ ಬುಟ್ಟು ಎತ್ಕೊಟ್ಟೋನು ಕಣ್ಲಾ ನಮ್ಮಪ್ಪ. ಇವಳ ಕಿವಿ ಹರಳು ಅವನಿಗೆ ಯಾವ ಲೆಕ್ಕ?"

ಡಾಕ್ಟರು ನನ್ನನ್ನು ಉರುಳಿಸಿದರು. ಲೋಕ ಒಂದು ಸಲ ಜೋರಾಗಿ ಗಿರಕಿ ಹೊಡೆದು ನಿಂತಿತು. ಎದ್ದು ಕೂತರೆ ಮನೆ ಮಠ ಎಲ್ಲ ಇದ್ದಲ್ಲೇ ಇದ್ದವು. ನನಗೆ ಅಳು ಬಂತು. ಅತ್ತೆ ಡಾಕ್ಟರಿಗೆ ಕೈ ಮುಗಿದರು, ಆದರೆ ಮುಖ ಮುತ್ತತ್ತಿಯ ದಿಕ್ಕಿಗಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಹರಳು ಮತ್ತೆ ಜಾಗ ಬಿಟ್ಟಿತು, ಮತ್ತೆ ಉರುಳಿಸಿದರು. ದೊಡ್ಡ ಗಿರಕಿ ನಿಂತ ಮೇಲೂ ದೋಣಿಯಲ್ಲಿ ನಿಂತಂಥ ಒಂದು ತೂಗಾಟ ಉಳಿದುಬಿಟ್ಟಿತು. ಬಸ್ಸಿನಲ್ಲಿ ಕಿಟಕಿ ಆಚೆ ನೋಡುವಂತಿಲ್ಲ, ಅಡುಗೆ ಮನೆಯಲ್ಲಿ ಮೇಲಿನ ಹಲಗೆಯ ಡಬ್ಬಿಗೆ ಕತ್ತೆತ್ತುವಂತಿಲ್ಲ. ಬ್ಯಾಡ್ಮಿಂಟನ್ ಆಟಗಾರ್ತಿ ಕತ್ತೆತ್ತದೆ ಇನ್ನೇನು ಮಾಡಬೇಕು? ಸಿಂಬಿ ಸುತ್ತಿಕೊಂಡು ಕೊಡ ಹೊರಬೇಕು ಅಷ್ಟೆ.

ಒಂದು ಮಧ್ಯಾಹ್ನ ನಾಗರತ್ನ ನೋಡಲು ಬಂದಳು. ನಾನು ಗೋಡೆಗೆ ಒರಗಿ ಕೂತು, ಅತ್ತೆ ಮಾಡಿದ ಒಬ್ಬಟ್ಟು ತಿನ್ನುತ್ತಿದ್ದೆ. ಅವಳು ನನ್ನನ್ನೂ ಒಬ್ಬಟ್ಟನ್ನೂ ನೋಡಿದಳು.

"ಚೆನ್ನಾಗೇ ಇದ್ದೀಯಲ್ಲೇ," ಅಂದಳು.

"ಕತ್ತೆತ್ತಿದ್ರೆ ತೂಗಾಡುತ್ತೆ ನಾಗು."

"ಹೂಂ," ಅಂದಳು. ಶಾಲೆಯ ಹುಡುಗರು ಹೊಟ್ಟೆನೋವು ಅಂದಾಗ ಅನ್ನುವ ಹೂಂ ಅದು, ನನಗೆ ಗೊತ್ತು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಕುಸುಮನ ಜೋಡಿಗೆ ಟ್ರಾನ್ಸ್‌ಫರ್ ಆಗ್ಬುಟ್ಟದೆ. ಜೊತೆಗೆ ಆಡು ಬಾ ಅಂತ ನನ್ನ ಕೇಳ್ತಾವ್ಳೆ. ನೀನು ಯಾವಾಗ ಬತ್ತೀಯೋ ಏನೋ..." ಎಂದು ನಿಲ್ಲಿಸಿದಳು.

"ಆಡು ಹೋಗು," ಅಂದೆ. ಅವಳು ಹೋದ ಮೇಲೆ ಉಳಿದ ಒಬ್ಬಟ್ಟನ್ನು ಪಕ್ಕಕ್ಕೆ ಸರಿಸಿದೆ. ಹೊಟ್ಟೆಕಿಚ್ಚು ಅನ್ನಿ, ದುಃಖ ಅನ್ನಿ, ಎರಡೂ ಇತ್ತು. ಕಾಯಿಲೆ ಹೋಗುತ್ತದೋ ಇಲ್ಲವೋ ಅನ್ನುವುದಕ್ಕಿಂತ, ಹೋಗುವಷ್ಟರಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಗಿರುತ್ತದೆ ಅನ್ನುವುದೇ ನನ್ನ ಹೆದರಿಕೆ. ಒಬ್ಬಳೇ ಆಡುವುದಕ್ಕೆ ನನಗೆ ಬರುವುದಿಲ್ಲ, ಜಗಳಕ್ಕೂ ಇನ್ನೊಬ್ಬರು ಬೇಕು.

ಮುಂದಿನ ಸಲ ಡಾಕ್ಟರು ಕಣ್ಣಿಗೆ ಕಸರತ್ತು ಹೇಳಿಕೊಟ್ಟರು. ತಲೆ ಆಡಿಸದೆ, ಓಡಾಡುವ ಒಂದು ವಸ್ತುವನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು, ದಿನಾ ಸ್ವಲ್ಪ ಸ್ವಲ್ಪ. ಶಿವರಾಜು ಮೊದಲ ದಿನ ನನ್ನ ಮುಂದೆ ಬೆರಳು ಆಡಿಸಿದರು, ಎರಡನೆಯ ದಿನ ಅವರ ಕೈ ನೋಯಿತು. ಆಗ ನನಗೆ ಹೊಳೆಯಿತು, ಟೀವಿಗೆ ಇಂಟರ್ನೆಟ್ ಜೋಡಿಸಿ ಹಳೆಯ ಷಟಲ್ ಪಂದ್ಯಗಳನ್ನು ನೋಡಿದರೆ ಹೇಗೆ? ಗಂಡಸರ ಆಟ ಹಾಕಿದರೆ ಎರಡೇಟಿಗೆ ಷಟಲ್ ನೆಲಕ್ಕೆ. ಮಹಿಳೆಯರ ಡಬಲ್ಸ್, ಅದರಲ್ಲೂ ಜಪಾನಿನವರದು ಹಾಕಿದೆ ನೋಡಿ, ಷಟಲ್ ಬೀಳುವುದೇ ಇಲ್ಲ. ಅವರು ಹೊಡೆಯುತ್ತಾರೆ, ಇವರು ಎತ್ತುತ್ತಾರೆ, ಮತ್ತೆ ಹೊಡೆಯುತ್ತಾರೆ, ಮತ್ತೆ ಎತ್ತುತ್ತಾರೆ. ಒಲೆ ಮೇಲಿಟ್ಟ ಹಾಲು ಉಕ್ಕಿ, ಒಲೆ ಒರೆಸಿ ಬಂದರೂ ಅದೇ ಪಾಯಿಂಟು ನಡೆಯುತ್ತಿರುತ್ತದೆ.

ಹಾಗೆ ಸಿಕ್ಕಿದವಳು ಪುಟ್ಟತಾಯಿ. ಅವಳ ನಿಜವಾದ ಹೆಸರು ಬೇರೆ. ಅತ್ತೆಯ ನಾಲಿಗೆಗೆ ಅದು ಒಗ್ಗಲಿಲ್ಲ, ಗಿಡ್ಡಗಿದ್ದು ಮುದ್ದಾಗಿದ್ದದ್ದಕ್ಕೆ ಈ ಹೆಸರಿಟ್ಟರು. ನಮ್ಮ ಮನೆಯಲ್ಲಿ ಅದೇ ಖಾಯಂ ಆಯಿತು.

ನಾನು ಅವಳ ಫೈನಲ್ಲೊಂದನ್ನು ಹಾಕಿಕೊಂಡು ಕಣ್ಣು ಹೊರಳಿಸುತ್ತಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಬಂದು ಕೂತರು. "ಇದ್ಯಾರವ್ವ? ಇವ್ರ ಮನೇಲಿ ಊಟ ಇಕ್ಕದಿಲ್ವಾ?" ಎಂದು ಶುರುವಾದದ್ದು, ಮಾರನೆಯ ದಿನ "ಮೊದ್ಲಿಂದ ಆಕು, ಅರ್ಧಕ್ಕೆ ಏನ್ ಗೊತ್ತಾದದು?" ಎಂಬಲ್ಲಿಗೆ ಬಂತು. ಹೀಗೆ ನಾವಿಬ್ಬರೂ ಒಬ್ಬ ಜಪಾನಿ ಹುಡುಗಿಯ ಆಟದ ಬದುಕನ್ನು ಅವಳ ಶಾಲೆಯ ದಿನಗಳಿಂದ ಸರದಿಯ ಪ್ರಕಾರ ನೋಡತೊಡಗಿದೆವು. ಮುಂದಿನದನ್ನು ಹೇಳಿದರೆ ಅತ್ತೆ ಸಿಟ್ಟಾಗುತ್ತಿದ್ದರು.

ಶಾಲೆಯ ಪಂದ್ಯದಲ್ಲಿ ಎರಡು ಜಡೆ ಹಾಕಿಕೊಂಡು ಆಡಿ, ಸೋತು, ಬಾಯಿ ಮುಚ್ಚಿಕೊಂಡು ಅತ್ತಿದ್ದಳು. ಆಮೇಲೆ ಒಂದು ಕಂಪನಿಯ ತಂಡಕ್ಕೆ ಸೇರಿದಳು. ಅಲ್ಲಿ ಆಟಗಾರರಿಗೆ ಕಂಪನಿಯಲ್ಲೇ ನೌಕರಿ ಇರುತ್ತದೆ ಎಂದು ನಾನು ಹೇಳಿದಾಗ ಅತ್ತೆಯ ಗೌರವ ಒಂದು ಮೆಟ್ಟಿಲು ಏರಿತು. "ಸಂಬಳದ ಕೆಲ್ಸ! ಉಸಾರಿ ಕಣೆ ಮಗ," ಎಂದು ಟೀವಿಗೇ ಹೇಳಿದರು. ಕಂಪನಿಯಲ್ಲಿ ಅವಳಿಗಿಂತ ದೊಡ್ಡವಳೊಬ್ಬಳು ಜೋಡಿಯಾದಳು, ಉದ್ದ ಕತ್ತಿನವಳು. ಅತ್ತೆ ಅವಳಿಗೆ ದೊಡ್ಡತಾಯಿ ಎಂದು ಹೆಸರಿಟ್ಟರು. ಇಬ್ಬರೂ ಕೋರ್ಟಿಗೆ ಇಳಿಯುವಾಗ ನಡು ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದರು. "ನೋಡು, ಆಟದ ಜಾಗಕ್ಕೆ ಕೈ ಮುಗಿದು ಇಳೀತವೆ. ನೀವಿಬ್ರೂ ಓಯ್ತಾ ಓಯ್ತಾನೇ ಕಚ್ಚಾಡ್ತೀರಿ," ಅಂದರು. ಉತ್ತರ ಹೇಳೋಣವೆಂದರೆ ಪಾಯಿಂಟ್ ಮುಗಿದಿರಲಿಲ್ಲ, ಷಟಲ್ ಹಿಂದೆ ಕಣ್ಣು ಓಡಿಸಿದೆ.

ವರ್ಷಗಳು ಉರುಳಿದವು, ಅಂದರೆ ಜಪಾನಿನಲ್ಲಿ. ನಮ್ಮಲ್ಲಿ ಅವರೆಕಾಯಿ ಹೋಗಿ ಹಲಸಿನ ಹಣ್ಣು ಬಂದಿತ್ತು. ಪುಟ್ಟತಾಯಿ ದೊಡ್ಡತಾಯಿ ದೇಶದೇಶ ಸುತ್ತಿದರು, ದೊಡ್ಡ ದೊಡ್ಡ ಕಪ್ಪು ಗೆದ್ದರು, ಗೆಲ್ಲಲೇಬೇಕಾದ ಒಂದನ್ನು ಸೋತರು. ನಾನು ದಿನಾ ಕಣ್ಣು ಆಡಿಸಿ ಆಡಿಸಿ, ಮೆಲ್ಲಗೆ ಡಬ್ಬಿಯವರೆಗೆ ಕತ್ತೆತ್ತುವ ಹಾಗಾದೆ.

ಆಗ ದೊಡ್ಡತಾಯಿ ಬಿದ್ದಳು. ನೆಟ್ಟಿನ ಹತ್ತಿರ ಕಾಲು ಹೊರಳಿ ಕೂತುಬಿಟ್ಟಳು. ಅತ್ತೆ ಕೈಯಲ್ಲಿದ್ದ ಹಲಸಿನ ತೊಳೆ ಬಿಟ್ಟು ಎದ್ದು ನಿಂತರು. ನಾನು ಷಟಲ್ ಹಿಂದೆ ಕಣ್ಣು ಓಡಿಸುವುದನ್ನು ಮರೆತು ಪುಟ್ಟತಾಯಿಯನ್ನೇ ನೋಡಿದೆ. ಷಟಲ್ ಎಲ್ಲಿ ಬಿತ್ತು ಎಂದು ಅವಳು ನೋಡಲೇ ಇಲ್ಲ. ಅವಳ ಕಣ್ಣು ಹೋದದ್ದು ಜೊತೆಗಾತಿಯ ಮುಖಕ್ಕೆ. ಹಿಂದಿನ ಪಂದ್ಯಗಳನ್ನು ಮತ್ತೆ ಹಾಕಿ ನೋಡಿದೆ. ಪ್ರತಿ ಸಲವೂ ಅಷ್ಟೇ. ಪಾಯಿಂಟ್ ಹೋದ ಕೂಡಲೇ ಅವಳು ಮೊದಲು ನೋಡುತ್ತಿದ್ದದ್ದು ದೊಡ್ಡತಾಯಿಯ ಮುಖ, ಆಮೇಲೆ ಮಿಕ್ಕಿದ್ದು. ಷಟಲ್ ಯಾರದು ಎಂಬ ಪ್ರಶ್ನೆಯೇ ಅವರ ಮನೆಯಲ್ಲಿ ಏಳುತ್ತಿರಲಿಲ್ಲವೇನೋ.

ನನಗೆ ನಾಗರತ್ನ ನೆನಪಾದಳು. ಸಿಟ್ಟೂ ಬಂತು, ಅವಳನ್ನು ನೋಡಬೇಕು ಅಂತಲೂ ಅನ್ನಿಸಿತು.

ದೊಡ್ಡತಾಯಿ ಹಾಸಿಗೆ ಹಿಡಿದ ಕಾಲದಲ್ಲಿ ಪುಟ್ಟತಾಯಿ ಬೇರೆ ಹುಡುಗಿಯೊಬ್ಬಳ ಜೊತೆ ಆಡಿದಳು. ಅತ್ತೆ ಆ ಹುಡುಗಿಯನ್ನು ಒಂದು ದಿನವೂ ಒಪ್ಪಲಿಲ್ಲ. "ಇವಳ್ಯಾಕೆ ಬಂದ್ಲು? ಅವಳು ಏನಾದ್ಲು? ಬುಟ್ಬುಟ್ಳಾ?" ಎಂದು ಚಡಪಡಿಸಿದರು. ಆಮೇಲೆ ತೊಳೆ ಬಿಡಿಸುತ್ತಾ, ನನ್ನ ಮುಖ ನೋಡದೆ ಕೇಳಿದರು, "ನಿನ್ ನಾಗರತ್ನ ಈಚ್ಗೆ ಬರದೇ ಇಲ್ವಲ್ಲ?"

"ಅವಳು ಕುಸುಮನ ಜೊತೆ ಆಡ್ತಾಳೆ ಅತ್ತೆ. ನಾನು ನಾಟಕ ಮಾಡಿದೆ ಅಂತ ಅವಳ ಮನಸ್ಸಲ್ಲಿದೆ."

ಅತ್ತೆ ಅಂಟು ಕೈಗೆ ಎಣ್ಣೆ ಸವರಿಕೊಂಡು ಎದ್ದು ಹೋದರು.

ಒಂದು ಕಂತಿನಲ್ಲಿ ದೊಡ್ಡತಾಯಿ ವಾಪಸು ಬಂದಳು, ಕಾಲಿಗೆ ಪಟ್ಟಿ ಸುತ್ತಿಕೊಂಡು. ಬಂದ ಮೊದಲ ಪಂದ್ಯದಲ್ಲೇ ಇಬ್ಬರೂ ಹೀನಾಯವಾಗಿ ಸೋತರು. ಸೋತು ಪರಸ್ಪರ ಹೆಗಲು ತಟ್ಟಿಕೊಂಡು ನಕ್ಕರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಸೋತ್ರೆ ಸೋಲ್ಲಿ ಬುಡು," ಅಂದರು. ಇಬ್ಬರ ಕೊನೆಯ ಪಂದ್ಯವನ್ನೂ ನೋಡಿದೆವು. ಆಟ ಮುಗಿದ ಮೇಲೆ ಖಾಲಿ ಕೋರ್ಟಿಗೆ ಬಗ್ಗಿ ನಮಸ್ಕರಿಸಿದರು, ಬಹಳ ಹೊತ್ತು ತಲೆ ಎತ್ತಲಿಲ್ಲ. ಅಷ್ಟು ಹೊತ್ತು ತಲೆ ತಗ್ಗಿಸಿದ್ದರೆ ನನಗಾದರೆ ಸುತ್ತು ಬಂದಿರುತ್ತಿತ್ತು ಎಂದು ನಾನು ಯೋಚಿಸುತ್ತಿದ್ದೆ, ಅತ್ತೆ ಅಳುತ್ತಿದ್ದರು.

ನಾನು ಗುಣವಾದೆ ಎಂದು ಡಾಕ್ಟರು ಹೇಳಿದ ದಿನವೇ ಅತ್ತೆ ಹಳದಿ ಮುಡಿಪು ಇಳಿಸಿದರು. ಉರುಳುಸೇವೆ ಅಂದರೆ ನನಗೆ ಭಯ. ಮತ್ತೆ ಹರಳು ಜಾಗ ಬಿಟ್ಟರೆ? ಡಾಕ್ಟರನ್ನೇ ಕೇಳಿದೆ. ಅವರು ನಕ್ಕು, "ನಿಧಾನಕ್ಕೆ ಮಾಡಿ, ಏನೂ ಆಗಲ್ಲ. ಏಳುವಾಗ ಮೊದಲು ಪಕ್ಕಕ್ಕೆ ತಿರುಗಿ ಕೂತು, ಆಮೇಲೆ ನಿಲ್ಲಿ. ನನ್ನ ಪರ್ಮಿಷನ್ ತಗೊಂಡ್ರಿ ಅಂತ ಮಾತ್ರ ದೇವರಿಗೆ ಗೊತ್ತಾಗೋದು ಬೇಡ," ಅಂದರು.

ಮುತ್ತತ್ತಿಗೆ ಹೊರಡುವ ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಆಟೋದಿಂದ ಇಳಿದವಳು ನಾಗರತ್ನ. ಕೈಯಲ್ಲಿ ಒಂದು ಜೊತೆ ಬಟ್ಟೆ, ಮುಖದಲ್ಲಿ ಕೆಂಡ.

"ಏನೇ ಇದು? ನಿಮ್ಮತ್ತೆ ಸ್ಕೂಲಿಗೇ ಫೋನ್ ಮಾಡಿದ್ರು. ಹರಕೇಲಿ ನನ್ನ ಹೆಸರೂ ಸೇರಿಸವ್ರಂತೆ! ಜೋಡೀಲಿ ಉರುಳ್ತಾರೆ ಅಂತ ದೇವ್ರಿಗೆ ಮಾತು ಕೊಟ್ಟವ್ರಂತೆ! ನನ್ನ ಒಂದು ಮಾತು ಕೇಳಬೇಡ್ವಾ?"

ನಾನು ಅತ್ತೆಯ ಮುಖ ನೋಡಿದೆ. ಹರಕೆ ಹೊತ್ತ ದಿನ ನಾನು ಮಂಚದ ಮೇಲೆ ಕಣ್ಣು ಮುಚ್ಚಿದ್ದೆನೇ ಹೊರತು ಕಿವಿ ಮುಚ್ಚಿರಲಿಲ್ಲ. ಅವತ್ತು ಉರುಳಬೇಕಾದವಳು ನಾನೊಬ್ಬಳೇ. ಹರಕೆಯಲ್ಲಿ ಇಬ್ಬರಾದದ್ದು ದೊಡ್ಡತಾಯಿ ಬಿದ್ದ ಮೇಲೆ ಇರಬೇಕು. ಅತ್ತೆ ತೆಂಗಿನಕಾಯಿಯ ಜುಟ್ಟು ಸರಿಮಾಡುತ್ತಾ, "ಬಾಯಿಂದ ಬಂದ್ಬುಡ್ತು ಕಣವ್ವ. ಆಡಿದ್ ಮಾತು ದೇವ್ರ ತಾವ ಇಂದಕ್ಕೆ ತಗಳಕಾದದಾ? ನಿಂಗೆ ನಂಬ್ಕೆ ಇಲ್ದಿದ್ರೆ ಬುಡು, ಏನಾದ್ರೂ ಆದ್ರೆ ಆಮೇಲೆ ನೋಡ್ಕಂಡ್ರಾಯ್ತು," ಅಂದರು.

"ವಿಜ್ಞಾನದ ಟೀಚರು ಕಣ್ರೀ ನಾನು," ಎಂದಳು ನಾಗರತ್ನ. ಹೇಳುತ್ತಲೇ ಕಾರು ಹತ್ತಿದಳು.

ಮುತ್ತತ್ತಿಯವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ಕಾವೇರಿಯಲ್ಲಿ ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಗುಡಿಗೆ ಬಂದೆವು. ಕೋತಿಗಳು ಬಾಳೆಹಣ್ಣಿನ ಆಸೆಗೆ ಹಿಂದೆ ಬಿದ್ದಿದ್ದವು, ಶಿವರಾಜು ಕೋಲು ಹಿಡಿದು ಅವುಗಳ ಜೊತೆ ಸಂಧಾನ ನಡೆಸಿದ್ದರು. ಪೂಜಾರಪ್ಪ ನಮ್ಮಿಬ್ಬರನ್ನು ನೋಡಿ, "ಹೆಣ್ಮಕ್ಳು ಹೆಜ್ಜೆ ನಮಸ್ಕಾರ ಮಾಡಿದ್ರೂ ನಡೀತದೆ ಕಣಮ್ಮ," ಅಂದರು. ನಾಗರತ್ನಳ ಮುಖ ಅರಳಿತು. "ಉಳ್ಳೇ ಅಂದಿರೋದು ಸಾಮಿ," ಎಂದು ಅತ್ತೆ ಆ ಬಾಗಿಲನ್ನೂ ಮುಚ್ಚಿದರು.

ಮಲಗಿದೆವು. ಕಲ್ಲು ತಣ್ಣಗಿತ್ತು. ನಾನು ಬಲಗಡೆ, ಅವಳು ಎಡಗಡೆ. ನಾನು ಕಣ್ಣು ಮುಚ್ಚಿ, ಡಾಕ್ಟರು ಹೇಳಿದಂತೆ ಮೆಲ್ಲಗೆ ಹೊರಳಿದೆ. ನಾಗರತ್ನ ಬೇಗ ಮುಗಿಸಿಬಿಡಬೇಕೆಂದು ಸರಸರ ಉರುಳಿದಳು. ಮೂಲೆ ತಿರುಗುವಲ್ಲಿ ಬಂದು ನನ್ನ ಪಕ್ಕೆಗೆ ಗುದ್ದಿದಳು.

"ಅಯ್, ಇದು ನನ್ನ ಸೈಡು ಕಣೇ!"

"ನಿಂದಾ? ನೀನೇ ಮಧ್ಯಕ್ಕೆ ಬಂದಿದ್ದೀಯ!"

"ಸರಿಯಾಗಿ ನೋಡೇ, ನಾನು ಗೋಡೆ ಪಕ್ಕ ಇದ್ದೀನಿ!"

ಕೈ ಮುಗಿದು ನಿಂತ ಜನ ನಗಲು ಶುರುಮಾಡಿದರು. "ದೇವ್ರ ಮುಂದೂ ಬುಡಲ್ವಲ್ರೇ," ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಒಂದು ಸುತ್ತು ಮುಗಿಯಿತು. ನಾನು ಪಕ್ಕಕ್ಕೆ ತಿರುಗಿ, ಕೂತು, ಕಣ್ಣು ತೆರೆದೆ. ಹೆದರುತ್ತ ಹೆದರುತ್ತ ಕತ್ತೆತ್ತಿದೆ. ಗೋಪುರ ನಿಂತಲ್ಲೇ ನಿಂತಿತ್ತು. ಅದರ ಮೇಲೆ ಒಂದು ಕೋತಿ ಕೂತು ತಲೆ ಕೆರೆದುಕೊಳ್ಳುತ್ತಿತ್ತು. ಇಷ್ಟು ದಿನ ಆದಮೇಲೆ ನಾನು ಕಂಡ ಮೊದಲ ಆಕಾಶ ಅದು. ಆ ಖುಷಿಯನ್ನು ಹೇಗೆ ಹೇಳಲಿ, ಆ ಕೋತಿಗೂ ಕೈ ಮುಗಿದೆ.

ಪಕ್ಕದಲ್ಲಿ ನಾಗರತ್ನ ಗಬಕ್ಕನೆ ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟಳು, ಎಡಕ್ಕೆ ವಾಲಿದಳು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ಕಂಬವನ್ನು ತಬ್ಬಿಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ಸವಿತಾ... ಗುಡಿ ತಿರುಗ್ತಾ ಅದೆ ಕಣೇ. ನಿಲ್ಸೇ! ಯಾರಾದ್ರೂ ನಿಲ್ಸ್ರೇ!"

ನಾನು ಓಡಿ ಅವಳ ಹೆಗಲು ಹಿಡಿದುಕೊಂಡೆ. "ಕಣ್ಣು ಮುಚ್ಚಬೇಡ ನಾಗು. ಒಂದೇ ಕಡೆ ನೋಡು. ಆ ದೀಪ ನೋಡು. ಮೆಲ್ಲಗೆ ಕೂತ್ಕೋ. ನಾನಿದ್ದೀನಿ, ಬೀಳಲ್ಲ ನೀನು." ನನಗೆ ಬೇಕಾಗಿದ್ದ, ಆದರೆ ಯಾರೂ ಹೇಳದೆ ಹೋದ ಮಾತುಗಳು ತಾವಾಗಿಯೇ ಬಾಯಿಗೆ ಬಂದವು.

ಅವಳು ಕೂತಳು. ನನ್ನ ರಟ್ಟೆ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ದೀಪದಿಂದ ಕಣ್ಣು ಕೀಳದೆ ಕೇಳಿದಳು:

"ಹಿಂಗೇನಾ ನಿಂಗೆ ಆಗ್ತಿದ್ದದ್ದು?"

"ಹೂಂ."

"ದಿನಾನೂ?"

"ಹೂಂ ಕಣೇ."

"ನಾನು ನೀನು ನಾಟಕ ಆಡ್ತಿದ್ದೀಯ ಅಂದ್ಕಂಡಿದ್ದೆ ಕಣೇ," ಅಂದಳು, ಅಂದು ನನ್ನ ಒದ್ದೆ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ನನಗೂ ಅಳು ಬಂತು. ನನ್ನ ಕಾಯಿಲೆಯನ್ನು ಕಡೆಗೂ ಒಬ್ಬರು ಕಣ್ಣಾರೆ ನೋಡಿದ್ದರು.

"ಸರಿ, ಅತ್ತಿದ್ ಸಾಕು, ಮಲಿಕಳಿ ಇಬ್ರೂ," ಎಂದರು ಅತ್ತೆ. "ಇನ್ನೂ ಎರಡು ಸುತ್ತು ಅದೆ."

"ಇನ್ನೂ ಎರಡಾ?" ಎಂದು ನಾಗರತ್ನ ಕಿರುಚಿದ್ದಕ್ಕೆ ಗೋಪುರದ ಕೋತಿ ಎದ್ದು ಹೋಯಿತು. ಆ ಎರಡು ಸುತ್ತನ್ನು ಅವಳು ನನ್ನ ಸೆರಗು ಹಿಡಿದುಕೊಂಡು, ನನ್ನಷ್ಟೇ ಮೆಲ್ಲಗೆ ಉರುಳಿದಳು.

ಕುಸುಮಾಳಿಗೆ ಅವಳು ಏನು ಹೇಳಿದಳೋ ನಾನು ಕೇಳಲಿಲ್ಲ. ಮುಂದಿನ ಭಾನುವಾರ ಮಂಡ್ಯದ ಕೋರ್ಟಿನಲ್ಲಿ ನಾವಿಬ್ಬರೂ ಇದ್ದೆವು. ಇಳಿಯುವ ಮುಂಚೆ ನಾನು ಕೋರ್ಟಿಗೆ ಬಗ್ಗಿ ನಮಸ್ಕಾರ ಮಾಡಿದೆ, ಅವಳು ಇದೇನು ಹೊಸದು ಎನ್ನುವಂತೆ ನೋಡಿ ತಾನೂ ಮಾಡಿದಳು. ಎರಡನೆಯ ಪಾಯಿಂಟಿಗೇ ಎದುರಿನವರು ಷಟಲನ್ನು ಸೂರಿನವರೆಗೆ ಎತ್ತಿದರು. ಕತ್ತೆತ್ತಿ ನೋಡಿದೆ, ಸೂರು ಅಲುಗಲಿಲ್ಲ. ಆ ಸಂತೋಷದಲ್ಲಿ ಕೈ ಎತ್ತುವುದನ್ನೇ ಮರೆತೆ. ಷಟಲ್ ಬಂದು ಸರಿಯಾಗಿ ನಮ್ಮಿಬ್ಬರ ಮಧ್ಯೆ ಬಿತ್ತು.

ನಾಗರತ್ನ ಷಟಲ್ ಬಿದ್ದ ಜಾಗ ನೋಡಲಿಲ್ಲ. ನನ್ನ ಮುಖ ನೋಡಿದಳು.

"ಸುತ್ತು ಬಂತೇನೇ?"

"ಇಲ್ಲ ಕಣೇ. ಏನೂ ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಂಗಾದ್ರೆ ಅದು ನಿಂದು ಕಣೇ!" ಎಂದು ಇಡೀ ಕ್ರೀಡಾಂಗಣಕ್ಕೆ ಕೇಳುವ ಹಾಗೆ ಕೂಗಿದಳು. "ಯಾಕೇ ಬಿಟ್ಟೆ?"